ಕೊರೊನಾದಲ್ಲಿ ರದ್ದಾದ ವಿಮಾನ: ನಿಮ್ಮ ಟಿಕೆಟ್ ದುಡ್ಡು ಯಾರ ಹತ್ತಿರ ಉಳಿದಿದೆ?

2020ರ ಮಾರ್ಚ್ 22ರಿಂದ ಹೊರದೇಶದ ವಿಮಾನಗಳು ಬರೋದು ನಿಂತಿತು. 25ರಿಂದ ದೇಶದೊಳಗಿನವೂ ನಿಂತವು. ಒಳಗಿನ ಹಾರಾಟ ಮತ್ತೆ ಶುರುವಾಗಿದ್ದು ಮೇ 25ಕ್ಕೆ, ಹೊರದೇಶದ ಮಾಮೂಲಿ ಹಾರಾಟಕ್ಕಂತೂ 2022ರ ಮಾರ್ಚ್ 27ರವರೆಗೆ ಕಾಯಬೇಕಾಯಿತು. ಆ ಗಲಾಟೆಯಲ್ಲಿ ಸಿಕ್ಕಿಹಾಕಿಕೊಂಡ ಟಿಕೆಟ್ ದುಡ್ಡಿನ ಬಗ್ಗೆ ಪತ್ರಗಳು ಇನ್ನೂ ಬರುತ್ತಲೇ ಇವೆ. "ಇಷ್ಟು ವರ್ಷ ಆದಮೇಲೆ ಕೇಳೋದು ಸರಿಯಾ" ಅಂತ ಸಂಕೋಚಪಟ್ಟು ಬರೆದವರೇ ಜಾಸ್ತಿ. ಸಂಕೋಚ ಬೇಡ. ಮಾಡದ ಪ್ರಯಾಣಕ್ಕೆ ಕೊಟ್ಟ ದುಡ್ಡು ನಿಮ್ಮದೇ. ಆದರೆ ಯಾರಿಗೆ ಇನ್ನೂ ದಾರಿ ಇದೆ, ಯಾರಿಗೆ ದಾರಿ ಮುಚ್ಚುತ್ತಾ ಬಂದಿದೆ ಅನ್ನೋದನ್ನ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಪ್ರಶ್ನೆ: ಸರ್, ನಾವು ಮನೆಯ ನಾಲ್ಕು ಜನ ದೆಹಲಿಗೆ ಹೋಗೋಕೆ 2020ರ ಜನವರಿಯಲ್ಲೇ ಟಿಕೆಟ್ ತೆಗೆಸಿದ್ದೆವು. ಏಪ್ರಿಲ್ ಕೊನೆಯಲ್ಲಿ ಪ್ರಯಾಣ ಇತ್ತು. ಏಪ್ರಿಲ್ ಮಧ್ಯದಲ್ಲಿ ಕಂಪನಿಯವರೇ ರದ್ದು ಮಾಡಿ, 32,000 ರೂಪಾಯಿಯನ್ನು 'ಕ್ರೆಡಿಟ್ ಶೆಲ್'ಗೆ ಹಾಕಿದ್ದೇವೆ, ಮುಂದೆ ಯಾವಾಗಾದರೂ ಬಳಸಿ ಅಂತ ಮೆಸೇಜ್ ಕಳಿಸಿದರು. ನಾವು ಆಮೇಲೆ ಎಲ್ಲೂ ಹೋಗಲಿಲ್ಲ. ಈಗ ಕೇಳಿದರೆ ಅವಧಿ ಮುಗಿದಿದೆ ಅನ್ನುತ್ತಾರೆ. ದುಡ್ಡು ಹೋದಂತೆಯೇನಾ? — ಓದುಗರು, ದಾವಣಗೆರೆ

ಉತ್ತರ: ಹೋದಂತೆ ಅಂತ ಒಪ್ಪಿಕೊಳ್ಳಬೇಡಿ. ಮೊದಲು ಎರಡು ತಾರೀಕು ನೋಡಿಕೊಳ್ಳಿ: ಟಿಕೆಟ್ ತೆಗೆಸಿದ್ದು ಯಾವಾಗ, ಪ್ರಯಾಣ ಇದ್ದದ್ದು ಯಾವಾಗ. ಇಡೀ ಲೆಕ್ಕ ನಿಂತಿರೋದು ಇವೆರಡರ ಮೇಲೆ.

2020ರ ಏಪ್ರಿಲ್ 16ಕ್ಕೆ ವಿಮಾನಯಾನ ಸಚಿವಾಲಯ ಒಂದು ಆದೇಶ ಹೊರಡಿಸಿತು. ಲಾಕ್‌ಡೌನ್ ಶುರುವಾದ ಮೇಲೆ ಟಿಕೆಟ್ ತೆಗೆಸಿ, ಲಾಕ್‌ಡೌನ್ ಒಳಗೇ ಪ್ರಯಾಣ ಇದ್ದವರಿಗೆ ಪೂರ್ತಿ ದುಡ್ಡು ಕೊಡಿ ಅಂತ. ಸರಿ, ಆದರೆ ನಿಮ್ಮ ಹಾಗೆ ಮೊದಲೇ ತೆಗೆಸಿದವರ ಗತಿ ಏನು? ಬೇಸಿಗೆ ರಜೆಗೆ ಅಂತ ಜನವರಿ, ಫೆಬ್ರವರಿಯಲ್ಲಿ ಬುಕ್ ಮಾಡಿದ ಕುಟುಂಬಗಳು ಎಷ್ಟಿರಲಿಲ್ಲ, ಅವರೆಲ್ಲ ಆ ಆದೇಶದಿಂದ ಹೊರಗೇ ಉಳಿದರು. ಆಗ ಪ್ರವಾಸಿ ಲೀಗಲ್ ಸೆಲ್ ಅನ್ನೋ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿಗಳಾದ ಅಶೋಕ್ ಭೂಷಣ್, ಸುಭಾಷ್ ರೆಡ್ಡಿ, ಎಂ.ಆರ್. ಶಾ ಅವರ ಪೀಠ 2020ರ ಅಕ್ಟೋಬರ್ 1ರಂದು ತೀರ್ಪು ಕೊಟ್ಟಿತು.

ಆ ತೀರ್ಪಿನ ಪ್ರಕಾರ, ಮೇ 24ರವರೆಗಿನ ಪ್ರಯಾಣಕ್ಕೆ ಲಾಕ್‌ಡೌನ್‌ಗಿಂತ ಮೊದಲೇ ಟಿಕೆಟ್ ತೆಗೆಸಿದ್ದವರಿಗೆ 15 ದಿನದೊಳಗೆ ದುಡ್ಡು ವಾಪಸ್ ಕೊಡೋಕೆ ಕಂಪನಿ ಎಲ್ಲ ಪ್ರಯತ್ನ ಮಾಡಬೇಕು. ಹಣಕಾಸಿನ ಕಷ್ಟ ಇದ್ದು ಆಗದೇ ಹೋದರೆ ಮಾತ್ರ, ಅಷ್ಟೇ ಮೊತ್ತದ ಕ್ರೆಡಿಟ್ ಶೆಲ್. ಅದನ್ನ 2021ರ ಮಾರ್ಚ್ 31ರವರೆಗೆ ಯಾವ ಊರಿಗೆ ಬೇಕಾದರೂ ಬಳಸಬಹುದು, ಬೇರೆಯವರ ಹೆಸರಿಗೂ ವರ್ಗ ಮಾಡಬಹುದು. ಇನ್ನೊಂದು ವಿಷಯವನ್ನ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಆ ಮೊತ್ತ ಬೆಳೆಯಬೇಕಿತ್ತು. ರದ್ದಾದ ದಿನದಿಂದ 2020ರ ಜೂನ್ 30ರವರೆಗೆ ತಿಂಗಳಿಗೆ ಅರ್ಧ ಪರ್ಸೆಂಟ್, ತಿಂಗಳು ಅರೆಬರೆ ಇದ್ದರೂ ಪೂರ್ತಿ ಲೆಕ್ಕ. ಆಮೇಲೆ ಮಾರ್ಚ್‌ವರೆಗೆ ತಿಂಗಳಿಗೆ 0.75 ಪರ್ಸೆಂಟ್. ನಿಮ್ಮ 32,000ಕ್ಕೆ ಏಪ್ರಿಲ್, ಮೇ, ಜೂನ್ ಸೇರಿ 480 ರೂಪಾಯಿ. ಜುಲೈನಿಂದ ಮಾರ್ಚ್‌ವರೆಗೆ ಒಂಬತ್ತು ತಿಂಗಳಿಗೆ 2,160. ಒಟ್ಟು 34,640 ಆಗುತ್ತದೆ. ಪತ್ರ ಬರೆಯುವಾಗ 32,000 ಅಂತ ಬರೆಯಬೇಡಿ, ಈ ಲೆಕ್ಕ ಹಾಕಿ 34,640 ಕೇಳಿ.

ಅವಧಿ ಮುಗಿಯಿತು ಅನ್ನೋ ಮಾತಿಗೆ ನನ್ನ ಉತ್ತರ ಹೀಗೆ. ಕೋರ್ಟು ಕ್ರೆಡಿಟ್ ಶೆಲ್‌ಗೆ ಅವಕಾಶ ಕೊಟ್ಟದ್ದು ಕೈಯಲ್ಲಿ ಕಾಸಿಲ್ಲದ ಕಂಪನಿಗೆ ಉಸಿರಾಡೋಕೆ ಸ್ವಲ್ಪ ಸಮಯ ಸಿಗಲಿ ಅಂತ. ಆ ಸಮಯ ಮುಗಿದರೆ ದುಡ್ಡು ಕಂಪನಿಗೆ ಸೇರಿಹೋಗುತ್ತದೆ ಅಂತ ಓದಿಕೊಳ್ಳೋದು ನ್ಯಾಯ ಅಲ್ಲ. ಇಂಡಿಗೋ 2020ರ ಡಿಸೆಂಬರ್‌ನಲ್ಲೇ, ಸುಮಾರು 1,000 ಕೋಟಿ ರೂಪಾಯಿ ವಾಪಸ್ ಕೊಟ್ಟಾಗಿದೆ, ಬಾಕಿಯನ್ನು 2021ರ ಜನವರಿ 31ರೊಳಗೆ ತೀರಿಸುತ್ತೇವೆ ಅಂತ ಹೇಳಿತ್ತು. ಒಂದು ಕಂಪನಿಗೆ ಆದದ್ದು ಇನ್ನೊಂದಕ್ಕೆ ಯಾಕೆ ಆಗಬಾರದು?

ಕಂಪನಿಯ ವೆಬ್‌ಸೈಟಿನಲ್ಲಿ 'ನೋಡಲ್ ಅಧಿಕಾರಿ' ಅಂತ ಒಬ್ಬರ ಇಮೇಲ್ ಇರುತ್ತದೆ, ಕೆಳಗೆಲ್ಲೋ ಸಣ್ಣಕ್ಷರದಲ್ಲಿ ಇರುತ್ತದೆ, ಹುಡುಕಿ. ಅವರಿಗೆ ಬರೆಯಿರಿ. ಪಿಎನ್‌ಆರ್, ಟಿಕೆಟ್ ತೆಗೆಸಿದ ತಾರೀಕು, ಪ್ರಯಾಣದ ತಾರೀಕು, ದುಡ್ಡು ಕಡಿತವಾದ ಬ್ಯಾಂಕ್ ಸ್ಟೇಟ್‌ಮೆಂಟಿನ ಪುಟ, ಅವರೇ ಕಳಿಸಿದ ಮೆಸೇಜಿನ ಸ್ಕ್ರೀನ್‌ಶಾಟ್, ಇಷ್ಟಿರಲಿ. ಕಾಲ್ ಸೆಂಟರಿನಲ್ಲಿ ಗಂಟೆಗಟ್ಟಲೆ ಕಾಯಬೇಡಿ. ಅಲ್ಲಿ ಆಡಿದ ಮಾತಿಗೆ ನಿಮ್ಮ ಕೈಯಲ್ಲಿ ಸಾಕ್ಷಿ ಇರೋದಿಲ್ಲ. ಉತ್ತರ ಬರದಿದ್ದರೆ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಿ, ಜೊತೆಗೆ 1915ಕ್ಕೂ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾನು ಟಿಕೆಟ್ ತೆಗೆಸಿದ್ದು ಒಂದು ದೊಡ್ಡ ಟ್ರಾವೆಲ್ ಆ್ಯಪ್ ಮೂಲಕ. ಆ್ಯಪಿನವರು "ಏರ್‌ಲೈನ್ ನಮಗೆ ಕೊಟ್ಟಿಲ್ಲ" ಅನ್ನುತ್ತಾರೆ. ಏರ್‌ಲೈನಿನವರು "ನಾವು ಆ್ಯಪಿನವರಿಗೆ ಕೊಟ್ಟಾಗಿದೆ" ಅನ್ನುತ್ತಾರೆ. ವರ್ಷಗಳಿಂದ ಇದೇ ಆಗಿದೆ. ಯಾರನ್ನು ಹಿಡಿಯಬೇಕು? — ಓದುಗರು, ಮೈಸೂರು

ಉತ್ತರ: ಇಬ್ಬರನ್ನೂ ಹಿಡಿಯಿರಿ, ಆದರೆ ಮೊದಲು ಏರ್‌ಲೈನಿನಿಂದ ಒಂದು ಕಾಗದ ಹೊರಡಿಸಿ. ಯಾಕೆ ಅಂತ ಹೇಳುತ್ತೇನೆ, ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಏಜೆಂಟರಾಗಲಿ ಆ್ಯಪಾಗಲಿ, ಕಡಿಮೆ ದರದ ಕಂಪನಿಗಳ ಹತ್ತಿರ ಮೊದಲೇ ದುಡ್ಡು ಕಟ್ಟಿ ಇಟ್ಟಿರುತ್ತಾರೆ. ಅದಕ್ಕೆ ಏಜೆಂಟ್ ವಾಲೆಟ್ ಅನ್ನುತ್ತಾರೆ. ನೀವು ಆ್ಯಪಿಗೆ ದುಡ್ಡು ಕೊಟ್ಟಾಗ, ಆ್ಯಪು ತನ್ನ ವಾಲೆಟ್‌ನಿಂದ ಏರ್‌ಲೈನಿಗೆ ಕಟ್ಟಿ ನಿಮಗೆ ಟಿಕೆಟ್ ಕೊಡುತ್ತದೆ. ಏರ್‌ಲೈನಿಗೆ ನಿಮ್ಮ ಬ್ಯಾಂಕ್ ಖಾತೆ ಯಾವುದು ಅನ್ನೋದೇ ಗೊತ್ತಿರುವುದಿಲ್ಲ. ಟಿಕೆಟ್ ರದ್ದಾದರೆ ದುಡ್ಡು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ, ಅಂದರೆ ಆ ವಾಲೆಟ್‌ಗೆ. ಅಲ್ಲಿಂದ ನಿಮಗೆ ಬರಬೇಕು. ಸಿಕ್ಕಿಕೊಳ್ಳೋದು ಇಲ್ಲೇ.

ಹಾಗಾಗಿ ಏರ್‌ಲೈನಿಗೆ ಬರೆಯುವಾಗ "ನನ್ನ ದುಡ್ಡು ಯಾವಾಗ ಕೊಡುತ್ತೀರಿ" ಅಂತ ಮಾತ್ರ ಕೇಳಬೇಡಿ. "ಈ ಪಿಎನ್‌ಆರ್‌ನ ದುಡ್ಡನ್ನ ಯಾವ ತಾರೀಕಿಗೆ, ಎಷ್ಟು, ಯಾವ ಏಜೆನ್ಸಿಯ ಖಾತೆಗೆ ಹಾಕಿದ್ದೀರಿ, ಲಿಖಿತವಾಗಿ ತಿಳಿಸಿ" ಅಂತ ಕೇಳಿ. ಆ ಉತ್ತರ ಕೈಗೆ ಬಂದ ಮೇಲೆ ಆ್ಯಪಿನವರಿಗೆ ಬೇರೆ ಮಾತೇ ಉಳಿಯುವುದಿಲ್ಲ. ಏರ್‌ಲೈನ್ ಆ ಉತ್ತರ ಕೊಡೋಕೆ ಹಿಂದೇಟು ಹಾಕಿದರೆ ದುಡ್ಡು ಇನ್ನೂ ಅಲ್ಲೇ ಇರಬಹುದು ಅಂತ ಅನುಮಾನ ಪಡಬಹುದು. ನೆನಪಿಡಿ, ಏಜೆಂಟರ ಮೂಲಕ ತೆಗೆಸಿದ ಟಿಕೆಟಿನ ದುಡ್ಡು ವಾಪಸ್ ಕೊಡೋ ಹೊಣೆ ಕೊನೆಗೆ ಏರ್‌ಲೈನಿನದೇ ಅಂತ ಡಿಜಿಸಿಎ (ವಿಮಾನ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ) ನಿಯಮ ಹೇಳುತ್ತದೆ, ಏಜೆಂಟರು ಅವರೇ ನೇಮಿಸಿದ ಪ್ರತಿನಿಧಿಗಳು ಅನ್ನೋ ಕಾರಣಕ್ಕೆ. ಸುಪ್ರೀಂ ಕೋರ್ಟೂ ಏಜೆಂಟರ ಕೈಗೆ ಬಂದ ದುಡ್ಡು ತಕ್ಷಣ ಪ್ರಯಾಣಿಕರಿಗೆ ಹೋಗಬೇಕು ಅಂತಲೇ ಹೇಳಿದೆ.

ಆ್ಯಪುಗಳ ಮೇಲೆ ಕ್ರಮ ಆಗಿದೆಯಾ ಅಂತ ಕೇಳಬಹುದು. ಆಗಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡಿತು. 'ಯಾತ್ರಾ' ಅನ್ನೋ ಟ್ರಾವೆಲ್ ಆ್ಯಪ್ ಕಂಪನಿಯ ಲೆಕ್ಕ ನೋಡಿ: 2021ರಲ್ಲಿ 36,276 ಬುಕಿಂಗ್‌ಗಳ ಸುಮಾರು 26 ಕೋಟಿ ರೂಪಾಯಿ ಬಾಕಿ ಇತ್ತು. 2024ರ ಜೂನ್ ಹೊತ್ತಿಗೆ ಅದು 4,837 ಬುಕಿಂಗ್, ಸುಮಾರು ಎರಡೂವರೆ ಕೋಟಿಗೆ ಇಳಿದಿತ್ತು. ಆ ತಿಂಗಳು ಪ್ರಾಧಿಕಾರ ಕೊಟ್ಟ ಆದೇಶ ನನಗೆ ಬಹಳ ಹಿಡಿಸಿತು. ಗ್ರಾಹಕ ಸಹಾಯವಾಣಿಯಲ್ಲಿ ಇದಕ್ಕೇ ಅಂತ ಐದು ಸೀಟು, ಅಂದರೆ ಕರೆ ಮಾಡೋ ಐದು ಜನರನ್ನ, ಮೀಸಲಿಟ್ಟು, ಬಾಕಿ ಇರೋ ಒಬ್ಬೊಬ್ಬ ಪ್ರಯಾಣಿಕರಿಗೂ ಫೋನ್ ಮಾಡಿ ಹೇಳಬೇಕು, ಅದರ ಖರ್ಚೂ ಕಂಪನಿಯದೇ ಅಂತ. ಅಂದರೆ ಪ್ರಯಾಣಿಕ ಕಂಪನಿಯನ್ನ ಹುಡುಕೋದರ ಬದಲು ಕಂಪನಿಯೇ ಪ್ರಯಾಣಿಕನನ್ನ ಹುಡುಕಬೇಕು. 2020ರಲ್ಲೇ ಹೀಗಾಗಬೇಕಿತ್ತು, ಅಲ್ವಾ? ನಿಮ್ಮ ಆ್ಯಪು ಯಾವುದೇ ಇರಲಿ, 1915ರಲ್ಲಿ ದೂರು ದಾಖಲಿಸಿ, ಡಾಕೆಟ್ ನಂಬರ್ (ನಿಮ್ಮ ದೂರಿನ ನಂಬರ್) ಬರೆದಿಟ್ಟುಕೊಳ್ಳಿ. ಒಂದು ವಿಷಯ: ಆ್ಯಪಿನವರು ತೆಗೆದುಕೊಂಡ 'ಕನ್ವೀನಿಯನ್ಸ್ ಫೀ' ಏರ್‌ಲೈನಿನ ಟಿಕೆಟ್ ದರದಲ್ಲಿ ಸೇರಿರುವುದಿಲ್ಲ. ಅದನ್ನ ಆ್ಯಪಿನವರ ಹತ್ತಿರವೇ ಬೇರೆಯಾಗಿ ಕೇಳಬೇಕು, ಹೆಚ್ಚಿನವರು ಕೊಡುವುದಿಲ್ಲ.

ಪ್ರಶ್ನೆ: ನಾನು ಸಣ್ಣ ಟ್ರಾವೆಲ್ ಏಜೆಂಟ್. ಎಲ್ಲರೂ ನಮ್ಮನ್ನೇ ಬೈಯುತ್ತಾರೆ. ಊರಿನವರು, ಪರಿಚಯದವರು, ಮುಖ ನೋಡಿ ಇಲ್ಲ ಅನ್ನೋಕೆ ಆಗದೆ ಎಷ್ಟೋ ಜನಕ್ಕೆ ಕೈಯಿಂದಲೇ ಕೊಟ್ಟೆ. ನನ್ನ ವಾಲೆಟ್‌ನಲ್ಲಿ ಮಾತ್ರ ಕ್ರೆಡಿಟ್ ಶೆಲ್ ಹಾಗೇ ಕೂತಿದೆ. ನಮ್ಮ ಕಥೆಯನ್ನೂ ಸ್ವಲ್ಪ ಬರೆಯಿರಿ. — ಓದುಗರು, ಹಾಸನ

ಉತ್ತರ: ಬರೆಯಲೇಬೇಕು. ಆ್ಯಪುಗಳ ಜೊತೆ ಊರಿನ ಏಜೆಂಟರನ್ನೂ ಒಂದೇ ತಕ್ಕಡಿಯಲ್ಲಿ ಹಾಕೋದು ತಪ್ಪು. ಬಸ್ ಸ್ಟ್ಯಾಂಡ್ ಪಕ್ಕದ ಒಂದು ಕೋಣೆಯ ಆಫೀಸಿನಲ್ಲಿ ಕೂತು, ಹಜ್‌ಗೆ ಹೋಗೋರಿಗೂ ಕಾಶಿಗೆ ಹೋಗೋರಿಗೂ ಟಿಕೆಟ್ ಮಾಡಿಕೊಡೋ ನಿಮ್ಮಂಥವರು ಕೈಯಿಂದ ಕೊಟ್ಟು ಮರ್ಯಾದೆ ಉಳಿಸಿಕೊಂಡಿರಿ. ಅದಕ್ಕೆ ಯಾರೂ ರಸೀದಿ ಕೊಡಲಿಲ್ಲ.

ನಿಮಗೆ ತೀರ್ಪಿನಲ್ಲೇ ಒಂದು ಹಿಡಿ ಇದೆ. ಏಜೆಂಟರ ಮೂಲಕ ತೆಗೆಸಿದ ಟಿಕೆಟಿನ ಕ್ರೆಡಿಟ್ ಶೆಲ್ಲನ್ನ ಅದೇ ಏಜೆಂಟರ ಮೂಲಕವೇ ಬಳಸಬೇಕು, ಪ್ರಯಾಣಿಕರು ಬೇಕಾದರೆ ಅದನ್ನ ಏಜೆಂಟರಿಗೇ ವರ್ಗ ಮಾಡಬಹುದು, ಏರ್‌ಲೈನ್ ಅದನ್ನ ಒಪ್ಪಲೇಬೇಕು ಅಂತ ಕೋರ್ಟು ಹೇಳಿತ್ತು. ನೀವು ಕೈಯಿಂದ ಕೊಟ್ಟ ಪ್ರತಿಯೊಬ್ಬರಿಂದಲೂ ಒಂದು ಸಾಲಿನ ಪತ್ರ ಬರೆಸಿಕೊಳ್ಳಿ: "ನನ್ನ ದುಡ್ಡು ಏಜೆಂಟರಿಂದ ಬಂದಿದೆ, ಈ ಪಿಎನ್‌ಆರ್‌ನ ಮೊತ್ತ ಅವರಿಗೇ ಸೇರಬೇಕು." ಫೋನ್‌ಪೇ, ಗೂಗಲ್‌ಪೇಯಲ್ಲಿ ಕಳಿಸಿದ್ದರೆ ಅದರ ದಾಖಲೆಯನ್ನೂ ಸೇರಿಸಿ. ಇವೆಲ್ಲ ಇಟ್ಟು ಒಂದೇ ಕಂತಿನಲ್ಲಿ ಏರ್‌ಲೈನಿಗೆ ಕಳಿಸಿ. ಬಿಡಿಬಿಡಿಯಾಗಿ ಕಳಿಸಿದರೆ ಕಳೆದುಹೋಗುತ್ತವೆ.

ಪ್ರಶ್ನೆ: ರೀಫಂಡ್ ಆಗಿದೆ ಅಂತ ಏರ್‌ಲೈನ್ ಮೇಲ್ ಕಳಿಸಿದೆ. ಆದರೆ ನಾನು ಆ ಕ್ರೆಡಿಟ್ ಕಾರ್ಡನ್ನೇ ಮುಚ್ಚಿಸಿಬಿಟ್ಟಿದ್ದೇನೆ. — ಓದುಗರು, ಬೆಂಗಳೂರು

ಉತ್ತರ: ದುಡ್ಡು ಆ ಬ್ಯಾಂಕಿನಲ್ಲೇ ಇರುತ್ತದೆ. ಏರ್‌ಲೈನಿನಿಂದ ಎಆರ್‌ಎನ್ ನಂಬರ್ ಕೇಳಿ ಪಡೆಯಿರಿ. ಕಾರ್ಡಿಗೆ ವಾಪಸ್ ಹೋದ ಪ್ರತಿ ವ್ಯವಹಾರಕ್ಕೂ ಅದೊಂದು ಗುರುತಿನ ನಂಬರ್. ಅದನ್ನ ಹಿಡಿದುಕೊಂಡು ಕಾರ್ಡ್ ಕೊಟ್ಟಿದ್ದ ಬ್ಯಾಂಕಿಗೆ ಬರೆಯಿರಿ, ಮುಚ್ಚಿದ ಕಾರ್ಡಿನಲ್ಲಿ ಉಳಿದ ಮೊತ್ತವನ್ನು ನನ್ನ ಉಳಿತಾಯ ಖಾತೆಗೆ ಹಾಕಿ ಅಂತ. ಎಆರ್‌ಎನ್ ಇಲ್ಲದೆ ಹೋದರೆ "ನಮಗೇನೂ ಬಂದಿಲ್ಲ" ಅಂತ ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ.

ಪ್ರಶ್ನೆ: ನಾನು ದುಬೈನಲ್ಲಿದ್ದೆ. 2020ರ ಮಾರ್ಚ್ ಕೊನೆಗೆ ಬೆಂಗಳೂರಿಗೆ ಹೊರದೇಶದ ಕಂಪನಿಯಲ್ಲಿ ಟಿಕೆಟ್ ಇತ್ತು, ಅಲ್ಲಿಯ ಏಜೆಂಟ್ ಹತ್ತಿರ ನಗದು ಕೊಟ್ಟು ತೆಗೆಸಿದ್ದೆ. ವಿಮಾನ ನಿಂತಿತು, ಕೆಲಸವೂ ಹೋಯಿತು. ಮೇ ತಿಂಗಳಲ್ಲಿ, ಹೊರದೇಶದಲ್ಲಿ ಸಿಕ್ಕಿಕೊಂಡವರನ್ನ ಕರೆತರೋಕೆ ಸರ್ಕಾರ ಬಿಟ್ಟ ವಂದೇ ಭಾರತ್ ವಿಮಾನದಲ್ಲಿ ಮತ್ತೆ ದುಡ್ಡು ಕೊಟ್ಟು ಮಂಗಳೂರಿಗೆ ಬಂದೆ. ಹಳೇ ಟಿಕೆಟಿನ ದುಡ್ಡು ಸಿಗುತ್ತದಾ? — ಓದುಗರು, ಕುಂದಾಪುರ

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ಕಷ್ಟವಾಯಿತು. ಮೇ 12ಕ್ಕೆ ದುಬೈನಿಂದ ಮಂಗಳೂರಿಗೆ ಮೊದಲ ವಿಮಾನ ಬಂದಿಳಿದಾಗ ಕರಾವಳಿಯ ಎಷ್ಟು ಮನೆಗಳಲ್ಲಿ ಜೀವ ಬಂದಂತಾಗಿತ್ತು. ಆದರೆ ಅದರಲ್ಲಿ ಬಂದವರು ಪ್ರತಿಯೊಬ್ಬರೂ ಟಿಕೆಟ್ ದುಡ್ಡು ಕೊಟ್ಟೇ ಬಂದರು. ಕೆಲಸ ಕಳೆದುಕೊಂಡು, ಒಂದು ಟಿಕೆಟಿನ ದುಡ್ಡು ಸಿಕ್ಕಿಹಾಕಿಕೊಂಡಿರುವಾಗ ಇನ್ನೊಂದಕ್ಕೆ ಹೊಂದಿಸೋದು ಅಂದರೆ ಸಾಲವೇ.

ವಿಷಯಕ್ಕೆ ಬರುತ್ತೇನೆ. ವಂದೇ ಭಾರತ್ ಟಿಕೆಟು ಬೇರೆ, ಹಳೇ ಟಿಕೆಟು ಬೇರೆ, ಒಂದರ ದುಡ್ಡು ಇನ್ನೊಂದಕ್ಕೆ ಹೊಂದಾಣಿಕೆ ಆಗುವುದಿಲ್ಲ. ಹೊರದೇಶದ ಕಂಪನಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಮಾತಾಡೋದು ಭಾರತದಿಂದ ಹೊರಡೋ ಪ್ರಯಾಣದ ಬಗ್ಗೆ. ನಿಮ್ಮದು ಅಲ್ಲಿಂದ ಇಲ್ಲಿಗೆ. ಹಾಗಾಗಿ ಆ ತೀರ್ಪನ್ನ ನೇರವಾಗಿ ತೋರಿಸಿ ಕೇಳೋಕೆ ಆಗುವುದಿಲ್ಲ. ಉಳಿಯೋದು ಕಂಪನಿಯ ನಿಯಮ ಮತ್ತು ಅಲ್ಲಿಯ ಕಾನೂನು.

ಆದರೂ ಒಂದು ಪ್ರಯತ್ನ ಮಾಡಿ. ಹಳೇ ಇ-ಟಿಕೆಟ್ ಪ್ರಿಂಟ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಏಜೆಂಟ್ ಕಳಿಸಿದ ಪಿಡಿಎಫ್ ಹುಡುಕಿ. ಅದರಲ್ಲಿ ಆರಕ್ಷರದ ಪಿಎನ್‌ಆರ್ ಅಲ್ಲದೆ 13 ಅಂಕಿಯ ಟಿಕೆಟ್ ನಂಬರ್ ಇರುತ್ತದೆ. ಮೊದಲ ಮೂರು ಅಂಕಿ ಯಾವ ಕಂಪನಿ ಅಂತ ಹೇಳುತ್ತದೆ, ಏರ್ ಇಂಡಿಯಾದ್ದಾದರೆ 098, ಎಮಿರೇಟ್ಸ್‌ದಾದರೆ 176. ಪಿಎನ್‌ಆರ್ ಕಾಲ ಕಳೆದಂತೆ ಕಂಪ್ಯೂಟರಿನಿಂದ ಅಳಿಸಿಹೋಗುತ್ತದೆ, ಅದಕ್ಕೇ "ನಿಮ್ಮ ಬುಕಿಂಗ್ ಕಾಣಿಸುತ್ತಿಲ್ಲ" ಅನ್ನೋ ಉತ್ತರ ಬರೋದು. ಟಿಕೆಟ್ ನಂಬರ್ ಕೊಟ್ಟು, ಇದು ಬಳಕೆಯಾಗಿದೆಯಾ ಇಲ್ಲವಾ, ರೀಫಂಡ್ ಆಗಿದ್ದರೆ ಯಾವ ಏಜೆಂಟಿಗೆ ಹೋಗಿದೆ ಅಂತ ಕಂಪನಿಗೆ ನೇರವಾಗಿ ಬರೆಯಿರಿ. ಎಷ್ಟೋ ಸಲ ಏಜೆಂಟ್ ಹೆಸರಿಗೆ ಆವತ್ತೇ ವಾಪಸ್ ಹೋಗಿ, ಪ್ರಯಾಣಿಕ ಊರಿಗೆ ಹೋದ ಅಂತ ಅಲ್ಲೇ ಉಳಿದಿರುತ್ತದೆ. ಹಾಗಾಗಿದ್ದರೆ ಅಲ್ಲಿರೋ ನೆಂಟರಿಗೋ ಗೆಳೆಯರಿಗೋ ಒಂದು ಅಧಿಕಾರ ಪತ್ರ ಬರೆದುಕೊಟ್ಟು ಏಜೆಂಟ್ ಆಫೀಸಿಗೆ ಕಳಿಸಿ. ನಗದು ಕೊಟ್ಟ ರಸೀದಿ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಕಷ್ಟ, ಸುಳ್ಳು ಭರವಸೆ ಕೊಡಲಾರೆ.

ಪ್ರಶ್ನೆ: ಮಗ ಅಮೆರಿಕದಲ್ಲಿ, ಮಗಳು ಜರ್ಮನಿಯಲ್ಲಿ. 2020ರಲ್ಲಿ ಎರಡು ಕಡೆಗೂ ಹೋಗಿಬರೋಕೆ ಟಿಕೆಟ್ ಮಾಡಿಸಿ ಎರಡೂ ರದ್ದಾದವು. ಅಲ್ಲಿಯ ನಿಯಮ ನಮಗೆ ಅನ್ವಯಿಸುತ್ತದಾ? — ಓದುಗರು, ಧಾರವಾಡ

ಉತ್ತರ: ಅನ್ವಯಿಸುತ್ತದೆ, ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಅಲ್ಲಿ ನೋಡುವುದಿಲ್ಲ, ವಿಮಾನ ಎಲ್ಲಿಂದ ಎಲ್ಲಿಗೆ ಅಂತ ನೋಡುತ್ತಾರೆ.

ಅಮೆರಿಕಕ್ಕೆ ಹೋಗೋ ಅಥವಾ ಅಲ್ಲಿಂದ ಬರೋ ವಿಮಾನವನ್ನ ಕಂಪನಿ ರದ್ದು ಮಾಡಿದರೆ ದುಡ್ಡೇ ಕೊಡಬೇಕು, ವೌಚರ್ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ ಅಂತ ಅಲ್ಲಿಯ ಸಾರಿಗೆ ಇಲಾಖೆ 2020ರ ಏಪ್ರಿಲ್ 3ರಂದೇ ಎಚ್ಚರಿಸಿತ್ತು. ಮಾತಿಗೆ ನಿಲ್ಲಿಸಲಿಲ್ಲ. 2022ರ ನವೆಂಬರ್‌ನಲ್ಲಿ ಆರು ಕಂಪನಿಗಳಿಂದ ಒಟ್ಟು 60 ಕೋಟಿ ಡಾಲರಿಗೂ ಮಿಕ್ಕಿ ಪ್ರಯಾಣಿಕರಿಗೆ ವಾಪಸ್ ಕೊಡಿಸಿದೆ ಅಂತ ಪ್ರಕಟಿಸಿತು. ಅದರಲ್ಲಿ ಏರ್ ಇಂಡಿಯಾದ್ದೇ 12.15 ಕೋಟಿ ಡಾಲರ್, ತಡ ಮಾಡಿದ್ದಕ್ಕೆ ದಂಡ ಬೇರೆ 14 ಲಕ್ಷ ಡಾಲರ್. ಟಾಟಾ ಕೈಗೆ ಹೋಗೋ ಮೊದಲಿನ ಬಾಕಿ ಅದು. ನಿಮ್ಮ ಟಿಕೆಟೂ ಆ ಲೆಕ್ಕದಲ್ಲಿ ಸೇರಿ, ಏಜೆಂಟರ ಹತ್ತಿರ ಬಂದು ನಿಂತಿದೆಯಾ ಅಂತ ಮೊದಲು ವಿಚಾರಿಸಿ. ದುಡ್ಡು ಬಂದಿಲ್ಲದಿದ್ದರೆ ಅಮೆರಿಕದ ಸಾರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ಭಾರತದಲ್ಲಿ ಕೂತೇ ದೂರು ಹಾಕಬಹುದು. ಮಗನ ಕೈಲಿ ಮಾಡಿಸಿ.

ಯುರೋಪಿನ ವಿಷಯಕ್ಕೆ ಬಂದರೆ, ಯುರೋಪಿನ ಒಕ್ಕೂಟದಿಂದ ಹೊರಡೋ ಯಾವುದೇ ವಿಮಾನ, ಅಥವಾ ಅಲ್ಲಿಗೆ ಹೋಗೋ ಅಲ್ಲಿಯದೇ ಕಂಪನಿಯ ವಿಮಾನ ರದ್ದಾದರೆ ಏಳು ದಿನದೊಳಗೆ ದುಡ್ಡು ಕೊಡಬೇಕು. ವೌಚರ್ ಕೊಡಬೇಕಾದರೆ ಪ್ರಯಾಣಿಕರ ಸಹಿ ಇರೋ ಒಪ್ಪಿಗೆ ಬೇಕು. ಕೊರೊನಾ ಕಾಲದಲ್ಲೂ ಈ ನಿಯಮ ಸಡಿಲ ಮಾಡಲಿಲ್ಲ. ನೀವು "ಆಯ್ತು, ವೌಚರ್ ಕೊಡಿ" ಅಂತ ವೆಬ್‌ಸೈಟಿನಲ್ಲಿ ಒತ್ತಿದ್ದೀರಾ ಅನ್ನೋದನ್ನ ಹಳೇ ಮೇಲ್‌ಗಳಲ್ಲಿ ನೋಡಿ. ಒತ್ತಿಲ್ಲದಿದ್ದರೆ ನಿಮ್ಮ ಪಕ್ಷ ಗಟ್ಟಿ. ದಾವೆ ಹಾಕೋ ಗಡುವು ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಮಗಳು ಅಲ್ಲಿಯ ಗ್ರಾಹಕ ಕೇಂದ್ರದಲ್ಲಿ ಒಂದು ಮಾತು ಕೇಳಲಿ.

ಪ್ರಶ್ನೆ: 2020ರ ಜೂನ್‌ನಲ್ಲಿ ಮುಂಬೈನಿಂದ ಬರಬೇಕಿತ್ತು. ವಿಮಾನ ಓಡಾಡುತ್ತಿತ್ತು. ಆದರೆ ಮಹಾರಾಷ್ಟ್ರದಿಂದ ಬಂದವರನ್ನ ಏಳು ದಿನ ಸರ್ಕಾರಿ ಕ್ವಾರಂಟೈನ್‌ನಲ್ಲಿ ಇಡುತ್ತಾರೆ ಅಂತ ನಾನೇ ಕ್ಯಾನ್ಸಲ್ ಮಾಡಿದೆ. ಏನೂ ಸಿಗಲಿಲ್ಲ. — ಓದುಗರು, ತುಮಕೂರು

ಉತ್ತರ: ನಿಮ್ಮ ಭಯ ನಿಜವಾದದ್ದೇ, ಆದರೆ ಮೇ 24ರ ನಂತರದ ಪ್ರಯಾಣಕ್ಕೆ ಸುಪ್ರೀಂ ಕೋರ್ಟು ಮಾಮೂಲಿ ಡಿಜಿಸಿಎ ನಿಯಮವನ್ನೇ ಹೇಳಿತು. ನೀವೇ ರದ್ದು ಮಾಡಿದ್ದರಿಂದ ಕ್ಯಾನ್ಸಲೇಶನ್ ಚಾರ್ಜ್ ಹಿಡಿಯಬಹುದು. ಆದರೂ "ಏನೂ ಸಿಗಲಿಲ್ಲ" ಅನ್ನೋದು ನಿಯಮಕ್ಕೆ ವಿರುದ್ಧ. ಆ ಚಾರ್ಜು ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಎರಡೂ ಸೇರಿದ್ದಕ್ಕಿಂತ ಜಾಸ್ತಿ ಆಗುವಂತಿಲ್ಲ. ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆ ಶುಲ್ಕ ಏನೇ ಆದರೂ ವಾಪಸ್ ಬರಬೇಕು. ಟಿಕೆಟಿನ ಮೇಲೆ 'ನಾನ್ ರೀಫಂಡಬಲ್' ಅಂತ ಬರೆದಿದ್ದರೂ ಸರಿ, ನೀವು ನಿಲ್ದಾಣಕ್ಕೇ ಹೋಗದಿದ್ದರೂ ಸರಿ. ಇದು ಕೊರೊನಾಕ್ಕೆ ಮಾತ್ರ ಅಲ್ಲ, ಇವತ್ತಿಗೂ ಇದೆ, ಮತ್ತೆ ನಮ್ಮಲ್ಲಿ ಬಹಳ ಜನ ಬಿಟ್ಟುಬಿಡೋ ದುಡ್ಡು ಇದೇ.

ಪ್ರಶ್ನೆ: ನಮಗೆ ವೌಚರ್ ಕೊಟ್ಟ ಕಂಪನಿ ಈಗ ಹಾರಾಟವನ್ನೇ ನಿಲ್ಲಿಸಿದೆ. — ಓದುಗರು, ಬೆಳಗಾವಿ

ಉತ್ತರ: ಯಾವ ಕಂಪನಿ ಅಂತ ಬರೆದಿಲ್ಲ, ಅದರ ಮೇಲೆ ಉತ್ತರ ಬದಲಾಗುತ್ತದೆ. ವಿಸ್ತಾರ ಆಗಿದ್ದರೆ ಅದು ಮುಳುಗಿಲ್ಲ, 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಏರ್‌ಏಷ್ಯಾ ಇಂಡಿಯಾ ಆಗಿದ್ದರೆ ಅದು ಈಗ ಏರ್ ಇಂಡಿಯಾ ಎಕ್ಸ್‌ಪ್ರೆಸ್. ಹಳೇ ಕಂಪನಿಯ ಸಾಲವೂ ಹೊಸ ಕಂಪನಿಗೆ ಬರುತ್ತದೆ, ಅವರನ್ನೇ ಕೇಳಿ. ಗೋ ಫಸ್ಟ್ ಆಗಿದ್ದರೆ ಕಷ್ಟ. 2023ರ ಮೇನಲ್ಲಿ ಹಾರಾಟ ನಿಂತಿತು, 2025ರ ಜನವರಿಯಲ್ಲಿ ಕಂಪನಿಯನ್ನ ಮುಚ್ಚಿ ಆಸ್ತಿ ಮಾರೋಕೆ ಆದೇಶ ಆಯಿತು. ಮಾರಿ ಬಂದ ದುಡ್ಡಿನಲ್ಲಿ ಅಡಮಾನ ಇಟ್ಟುಕೊಂಡ ಬ್ಯಾಂಕುಗಳು, ಕೆಲಸಗಾರರು ಎಲ್ಲ ಮುಂದೆ, ಟಿಕೆಟ್ ತೆಗೆಸಿದವರು ಬಹಳ ಹಿಂದೆ. ಆ ಸಾಲಿನವರೆಗೆ ದುಡ್ಡು ಬರೋದು ಅಪರೂಪ. ಮುಳುಗಿದ ಕಂಪನಿಗಳ ಹೆಸರಲ್ಲಿ "ರೀಫಂಡ್ ಕೊಡಿಸುತ್ತೇವೆ, ಮೊದಲು ಫೀಸ್ ಕಟ್ಟಿ" ಅಂತ ಯಾರಾದರೂ ಫೋನ್ ಮಾಡಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ, ಓಟಿಪಿಯನ್ನಂತೂ ಹೇಳಲೇಬೇಡಿ.

ಪ್ರಶ್ನೆ: ಎಲ್ಲ ಕಡೆ ಕೇಳಿ ಸಾಕಾಗಿದೆ. ಗ್ರಾಹಕ ಕೋರ್ಟಿಗೆ ಈಗ ಹೋಗಬಹುದಾ? ಮೊತ್ತ 18,000. ವಕೀಲರ ಫೀಸೇ ಅಷ್ಟಾಗುತ್ತದೆ ಅಂತ ಮನೆಯವರು ಬೇಡ ಅನ್ನುತ್ತಾರೆ. — ಓದುಗರು, ಕಲಬುರಗಿ

ಉತ್ತರ: ಖರ್ಚಿನ ಚಿಂತೆ ಮೊದಲು ಬಿಡಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯ ಅಲ್ಲ, ನೀವೇ ವಾದ ಮಾಡಬಹುದು. 2019ರ ಕಾಯ್ದೆಯ ಪ್ರಕಾರ ನೀವು ಇರೋ ಊರಿನ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಗುರುಗ್ರಾಮದಲ್ಲಿದ್ದರೂ ಅವರೇ ಕಲಬುರಗಿಗೆ ಬರಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದಾಖಲಿಸೋಕೂ ಆಗುತ್ತದೆ.

ತೊಡಕು ಇರೋದು ಗಡುವಿನಲ್ಲಿ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊರೊನಾದಿಂದಾಗಿ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನ ಸುಪ್ರೀಂ ಕೋರ್ಟು ಎಲ್ಲ ಗಡುವುಗಳ ಲೆಕ್ಕದಿಂದ ಬಿಟ್ಟಿತು. ಅಂದರೆ ಲಾಕ್‌ಡೌನ್ ಸಮಯದ ಟಿಕೆಟಿಗೆ ಎರಡು ವರ್ಷದ ಎಣಿಕೆ ಶುರುವಾಗೋದು 2022ರ ಮಾರ್ಚ್ 1ರಿಂದ, ಮುಗಿಯೋದು 2024ರ ಫೆಬ್ರವರಿ ಕೊನೆಗೆ. ಅದೂ ದಾಟಿದೆ. ಹಾಗಾದರೆ ಬಾಗಿಲು ಮುಚ್ಚಿತಾ? ಪೂರ್ತಿ ಇಲ್ಲ. ತಡಕ್ಕೆ ಸರಿಯಾದ ಕಾರಣ ಇದ್ದರೆ ಆಯೋಗ ಮನ್ನಿಸಬಹುದು, ದೂರಿನ ಜೊತೆ ಅದಕ್ಕೊಂದು ಬೇರೆ ಅರ್ಜಿ ಹಾಕಬೇಕು. ಸುಮ್ನೆ ಮೇಲ್ ಮಾಡುತ್ತಾ ಕಾಯುತ್ತಿದ್ದೆ ಅನ್ನೋದೊಂದೇ ಸಾಲದು, ಪತ್ರ ವ್ಯವಹಾರ ಮಾಡಿದ ಮಾತ್ರಕ್ಕೆ ಗಡುವು ಮುಂದೆ ಹೋಗುವುದಿಲ್ಲ. ಆದರೆ ಗಡುವಿನ ಒಳಗೆ ಕಂಪನಿಯೇ "ನಿಮ್ಮ ದುಡ್ಡು ಕೊಡಬೇಕಿದೆ, ಕೊಡುತ್ತೇವೆ" ಅಂತ ಬರೆದ ಮೇಲ್ ಇದ್ದರೆ ಅದು ಚಿನ್ನದಂಥ ದಾಖಲೆ, ಅರ್ಜಿಯ ಮೊದಲ ಪುಟದಲ್ಲೇ ಅದನ್ನ ಹೇಳಿ. ಆ ಸಮಯದಲ್ಲಿ ಮನೆಯಲ್ಲಿ ಕಾಯಿಲೆ, ಸಾವು ಏನಾದರೂ ಆಗಿದ್ದರೆ ಅದರ ಕಾಗದವನ್ನೂ ಇಡಿ. ಇಂಥದ್ದೇನೂ ಇಲ್ಲದಿದ್ದರೆ 1915ರ ಮೂಲಕ ರಾಜಿಗೆ ಪ್ರಯತ್ನಿಸೋದೇ ವಾಸಿ, ಎಷ್ಟೋ ಕಂಪನಿಗಳು ಅಲ್ಲಿಂದ ಪತ್ರ ಹೋದರೆ ಹಳೇ ಬಾಕಿಯನ್ನೂ ತೀರಿಸುತ್ತವೆ.

ಪ್ರಶ್ನೆ: ಕಳೆದ ಡಿಸೆಂಬರ್‌ನಲ್ಲಿ ಸಾಲುಸಾಲು ವಿಮಾನ ರದ್ದಾದಾಗ ವೌಚರ್ ಕೊಡುತ್ತೇವೆ ಅಂದರು. ತಗೊಂಡರೆ ಕೊರೊನಾದಲ್ಲಿ ಆದ ಹಾಗೇ ಆಗುತ್ತದಾ? — ಓದುಗರು, ಶಿವಮೊಗ್ಗ

ಉತ್ತರ: ಎರಡನ್ನೂ ಬೇರೆ ಮಾಡಿ ನೋಡಿ. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ರದ್ದಾದಾಗ ಟಿಕೆಟ್ ದುಡ್ಡನ್ನ ಡಿಸೆಂಬರ್ 7ರ ರಾತ್ರಿ 8ರೊಳಗೆ ವಾಪಸ್ ಕೊಡಿ ಅಂತ ಸರ್ಕಾರ ಗಡುವು ಹಾಕಿತು. ಆ ಹೊತ್ತಿಗೆ 610 ಕೋಟಿ ರೂಪಾಯಿ ವಾಪಸ್ ಹೋಗಿತ್ತು. 2020ರಲ್ಲಿ ತಿಂಗಳುಗಟ್ಟಲೆ ಕಾಯಿಸಿದ್ದು ದಿನಗಳಲ್ಲಿ ಆಯಿತು. ತುಂಬ ತೊಂದರೆಯಾದವರಿಗೆ ಕೊಟ್ಟ 10,000 ರೂಪಾಯಿಯ ವೌಚರ್ ಟಿಕೆಟ್ ದುಡ್ಡಿನ ಬದಲಿಗೆ ಕೊಟ್ಟದ್ದಲ್ಲ, ಅದರ ಮೇಲೆ ಕೊಟ್ಟದ್ದು. ಅಂಥದ್ದನ್ನ ಧಾರಾಳವಾಗಿ ತಗೊಳ್ಳಿ, 12 ತಿಂಗಳೊಳಗೆ ಬಳಸಿ.

ಟಿಕೆಟ್ ದುಡ್ಡಿನ ಬದಲಿಗೇ ವೌಚರ್ ಅಂದರೆ ಬೇಡ ಅನ್ನಿ. ದುಡ್ಡನ್ನ ಕ್ರೆಡಿಟ್ ಶೆಲ್‌ನಲ್ಲಿ ಇಡೋದು ಪ್ರಯಾಣಿಕರ ಆಯ್ಕೆ, ಕಂಪನಿ ತಾನಾಗಿಯೇ ಹಾಗೆ ಮಾಡುವಂತಿಲ್ಲ ಅಂತ ಡಿಜಿಸಿಎ ನಿಯಮದಲ್ಲೇ ಇದೆ, ಕೊರೊನಾಕ್ಕೆ ಮೊದಲೂ ಇತ್ತು. ಕಾರ್ಡಿನಲ್ಲಿ ಕಟ್ಟಿದ್ದರೆ ಏಳು ದಿನದೊಳಗೆ ವಾಪಸ್ ಬರಬೇಕು. ಮೆಸೇಜಿನಲ್ಲಿ ಬರೋ ಲಿಂಕ್ ತೆರೆದಾಗ 'ವೌಚರ್' ಅನ್ನೋ ಬಟನ್ ದೊಡ್ಡದಾಗಿ ಮೇಲೆ ಕಾಣುತ್ತದೆ, 'ರೀಫಂಡ್' ಅನ್ನೋದು ಕೆಳಗೆ ಸಣ್ಣದಾಗಿರಬಹುದು. ಪೂರ್ತಿ ಕೆಳಗಿನವರೆಗೆ ನೋಡಿ, ರೀಫಂಡ್ ಒತ್ತಿ, ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.